ಎರಡು ತಾಸು ಹದಿನಾರು ನಿಮಿಷ

ಬೈತಖೋಲ ಬಂದರಿನ ದಾರಿಯಲ್ಲಿ ನನ್ನ ಅಂಗಡಿ:
ಝೆರಾಕ್ಸು, ಲ್ಯಾಮಿನೇಶನ್, ರೈಲು ಬಸ್ಸಿನ ಟಿಕೀಟು.
ವಿಮಾನದ್ದೂ ಮಾಡಿಕೊಡುತ್ತೇನೆಂದು ಬೋರ್ಡಿನಲ್ಲಿದೆ;
ಆರು ವರ್ಷದಲ್ಲಿ ಹನ್ನೊಂದು ಜನ ಕೇಳಿದ್ದಾರೆ,
ಒಂಬತ್ತು ಮಂದಿ ದರ ಕೇಳಿ ಎದ್ದು ಹೋದರು.

ಪತ್ರಸ್ ಕುಜೂರ್ ಬಂದಾಗ ಮಟಮಟ ಮಧ್ಯಾಹ್ನ.
ತಾಂಡೇಲರ ಬೋಟಿನಲ್ಲಿ ಬಲೆ ಎಳೆಯುವವನು,
ರೂರ್ಕೆಲಾದಿಂದ ಆಚೆ ಯಾವುದೋ ಹಳ್ಳಿಯವನು,
ಅಂಗೈಯಲ್ಲಿ ಹಗ್ಗದ ಗೆರೆ, ಉಗುರಲ್ಲಿ ಬಂಗಡೆಯ ಹೊಳಪು.
ಅರ್ಧ ಕೊಂಕಣಿ, ಅರ್ಧ ಹಿಂದಿ, ನಡುನಡುವೆ ಕನ್ನಡದ "ಹೌದಾ".
ಟಿಕೀಟು ಬೇಡ ಬಾಯಿ, ದೂರ ಬೇಕು ಎಂದ.
ಆಯಿ ಫೋನಿನಲ್ಲಿ ಕೇಳುತ್ತಾಳಂತೆ ಪ್ರತಿ ಭಾನುವಾರ:
ನೀನಿರೋದು ಎಷ್ಟು ದೂರ?
ಬಹಳ ದೂರ ಅಂದರೆ ನಡೆಯೋದಿಲ್ಲವಂತೆ,
ಲೆಕ್ಕ ಹೇಳು ಅನ್ನುತ್ತಾಳಂತೆ.

ಆ ಊರಿಗೊಂದು ಪುಟ್ಟ ವಿಮಾನ ನಿಲ್ದಾಣ ಇದೆ.
ನಮ್ಮದು ಅಂಕೋಲೆ ಕಡೆ ಬಂತು, ಬಂತು ಎಂದು
ಚುನಾವಣೆಗೊಮ್ಮೆ ತಲೆ ಮೇಲೆ ಸುತ್ತಿ ಇಳಿಯದೆ ಹೋಗುವುದು.
ಕಂಪ್ಯೂಟರಿಗೆ ಅದೆಲ್ಲ ಗೊತ್ತಿಲ್ಲ, ಕೇಳುವುದೂ ಇಲ್ಲ.
ಎರಡು ಹೆಸರು ಕೊಟ್ಟೆ. ಎರಡು ಚುಕ್ಕಿ ಇಟ್ಟು
ನಡುವೆ ಕೆಂಪು ಗೆರೆ ಎಳೆಯಿತು,
ಬಿಲ್ಲಿನ ಹಾಗೆ ತುಸುವೇ ಬಾಗಿದ್ದು:
ಸಾವಿರದ ನಾನೂರು ಕಿಲೋಮೀಟರು.
ಎರಡು ತಾಸು ಹದಿನಾರು ನಿಮಿಷ.

ಪತ್ರಸ್ ನಕ್ಕ. ಎರಡು ತಾಸಿಗೆ ನಾವು
ದೇವಗಡದ ದೀಪ ದಾಟಿ ಮೊದಲ ಬಲೆ ಬಿಡ್ತೇವೆ, ಅಷ್ಟೆ.
ಅವನ ಅಳತೆ ಬೇರೆ: ಡೀಸೆಲ್ಲು ಇಷ್ಟು ಡಬ್ಬಿ,
ಐಸು ಕರಗುವ ಮುಂಚೆ ತಿರುಗುವಷ್ಟು ದೂರ,
ಅದರಾಚೆ ದೂರವೇ ಇಲ್ಲ, ಬರೀ ನೀರು.
"ವಿಮಾನ ಎಷ್ಟು ಗಂಟೆಗೆ?"
ಇಲ್ಲ ಎಂದೆ.
"ನಾಳೆ?"
ಯಾವತ್ತೂ ಇಲ್ಲ.
"ಹಾಗಾದರೆ ಈ ಎರಡು ತಾಸು ಯಾರಿಗೆ ಹಿಡೀತದೆ?"

ನೆಲೆಯ ಕಡೆಯಿಂದೊಂದು ಹೆಲಿಕಾಪ್ಟರು ಹೋಯಿತು,
ಅದು ಹೋಗುವ ತನಕ ಇಬ್ಬರೂ ಸುಮ್ಮನಿದ್ದೆವು.
ಆಮೇಲೆ ನಕ್ಷೆ ಪ್ರಿಂಟು ತೆಗೆದು ಬೆನ್ನಿಗೆ
ಇರುವ ದಾರಿ ಬರೆದುಕೊಟ್ಟೆ:
ಹುಬ್ಬಳ್ಳಿ ತನಕ ಬಸ್ಸು, ಅರಬೈಲ ಘಾಟಿಯಲ್ಲಿ
ಲಾರಿ ಅಡ್ಡ ಬಿದ್ದಿರದಿದ್ದರೆ ಐದು ತಾಸು;
ಖರಗಪುರಕ್ಕೆ ರೈಲು, ಎರಡು ರಾತ್ರಿ, ಬಾಗಿಲ ಬಳಿ;
ಅಲ್ಲಿಂದ ಬಂದ ದಿಕ್ಕಿಗೇ ಹಿಂದಕ್ಕೆ ಇನ್ನೊಂದು; ಜೀಪು;
ಕೊನೆಗೊಂದು ಹೊಳೆ, ನೀರಿದ್ದರೆ ಸುತ್ತು, ಇಲ್ಲದಿದ್ದರೆ ನೇರ.
ಹೊಳೆಯದ್ದು ಅವನೇ ಹೇಳಿದ್ದು.

"ವಿಮಾನದಲ್ಲಿ ಒಣಮೀನು ಬಿಡ್ತಾರಾ?"
ಮೆಟ್ಟಿಲಿಳಿದವನು ತಿರುಗಿ ಕೇಳಿದ, ಇಲ್ಲದ ವಿಮಾನದ ವಿಷಯ.
ಗಟ್ಟಿಯಾಗಿ ಕಟ್ಟಿದರೆ ಬಿಡಬಹುದು ಎಂದೆ.
ಐದು ರೂಪಾಯಿ ಕೊಟ್ಟು, ಕಾಗದ ಮಡಚಿ
ಆಧಾರ್ ಕಾರ್ಡಿನ ಪ್ಲಾಸ್ಟಿಕ್ಕಿನೊಳಗೆ ತುರುಕಿಕೊಂಡ.

ಅವನು ಹೋದ ಮೇಲೆ, ಅಂಗಡಿಯಲ್ಲಿ ಯಾರೂ ಇರಲಿಲ್ಲ,
ನಮ್ಮ ಹಳೇ ಮನೆ ಇದ್ದಲ್ಲಿಂದ ಈಗಿನ ಕಾಲನಿಗೆ ದೂರ ಕೇಳಿದೆ.
ನೌಕಾನೆಲೆಯ ಗೋಡೆಯೊಳಗೆ ಹೋದ ಕೇರಿ ಅದು;
ಅಜ್ಜಿಯ ಬಾವಿಗೆ ಈಗ ಪಾಸು ಬೇಕು.
ಹನ್ನೊಂದು ಕಿಲೋಮೀಟರು. ಹಾರಲು ಒಂದು ನಿಮಿಷ.
ಅಜ್ಜಿ ಇಪ್ಪತ್ತೆರಡು ವರ್ಷ ಹೊರಟೇ ಇದ್ದಳು,
ಕೊಡಪಾನ ಬಾಗಿಲಲ್ಲೇ ಇಟ್ಟುಕೊಂಡು.

ಜೂನಿಗೆ ಬೋಟುಗಳು ದಡ ಹತ್ತಿದವು, ಪತ್ರಸ್ ಊರಿಗೆ ಹೋದ.
ಆಗಸ್ಟಿನಲ್ಲಿ ಬಂದವನು ಎಲೆಯ ಪೊಟ್ಟಣವೊಂದನ್ನು
ಕೀಬೋರ್ಡಿನ ಮೇಲೇ ಇಟ್ಟ:
ಒಣಗಿದ ಹಿಪ್ಪೆ ಹೂ, ಮೂರು ದಿನದ ಸೆಕೆಗೆ ಬೆವೆತು
ಒಂದಕ್ಕೊಂದು ಅಂಟಿದ್ದು, ಹುಳಿತ ಬೆಲ್ಲದ ವಾಸನೆ.

ಆಯಿ ಏನಂದಳು ಎಂದೆ.
ಕಾಗದ ಬಿಡಿಸಿ ನೆಲಕ್ಕಿಟ್ಟು ಕೈಯಲ್ಲಿ ಅಳೆದಳಂತೆ,
ಗೇಣಿಗೆ ಎರಡು ಬೆರಳು ಕಮ್ಮಿ.
ಇಷ್ಟೇನಾ ಎಂದಳಂತೆ.
ಆಮೇಲೆ ಗೆರೆಯ ಮೇಲೆ ಆ ತುದಿಯಿಂದ ಈ ತುದಿಗೆ
ಬೆರಳಾಡಿಸುತ್ತ ಬಹಳ ಹೊತ್ತು ಕೂತು ಕೇಳಿದಳಂತೆ:
ಇಷ್ಟುದ್ದಕ್ಕೂ ಒಂದು ಮನೆ ಇಲ್ಲವಲ್ಲೋ,
ನೀನು ನೀರು ಎಲ್ಲಿ ಕುಡಿದೆ?